ಮಗಳು ಮನೆಗೆ ಬಂದಳು, ಎಲ್ಲರಿಗೂ ಥ್ಯಾಂಕ್ಸ್

ಮಗಳ ಹಾರ್ಟ್ ಆಪರೇಷನ್ ಮುಗಿಸಿಕೊಂಡು ಮನೆಗೆ ಬಂದಿದ್ದೇವೆ. ಚೆನ್ನಾಗಿದ್ದಾಳೆ. ಕೆಮ್ಮು ಬಂದರೆ ದಿಂಬನ್ನು ಎದೆಗೆ ಒತ್ತಿಕೊಂಡು ಕೆಮ್ಮುತ್ತಾಳೆ. ಉಸಿರೆಳೆಯೋಕೆ ಕೊಟ್ಟಿರುವ ಮೂರು ಬಾಲ್‌ಗಳ ಡಬ್ಬಿಯಲ್ಲಿ ಮೂರನೇ ಬಾಲ್ ಮೇಲೆದ್ದರೆ ಅಪ್ಪನನ್ನು ಕೂಗಿ ಕರೆದು ತೋರಿಸುತ್ತಾಳೆ.

ಯಾವ ವಾಲ್ವ್ ಹಾಕಿದರು ಅಂತ ತುಂಬಾ ಜನ ಕೇಳಿದ್ದೀರಿ. ಅವಳದ್ದೇ! ಹೃದಯದಿಂದ ಮೈಗೆಲ್ಲ ರಕ್ತ ಬಿಡುವ ಬಾಗಿಲು, ಅಂದರೆ ಅವಳ ಅಯೋರ್ಟಿಕ್ ವಾಲ್ವ್‌ಗೆ, ಹುಟ್ಟಿನಿಂದಲೇ ಮೂರರ ಬದಲು ಎರಡೇ ಎಸಳು. ಲೋಹದ ವಾಲ್ವ್ ಹಾಕಿದ್ದರೆ ಜೀವನಪೂರ್ತಿ ರಕ್ತ ತೆಳುವಾಗಿಸುವ ಮಾತ್ರೆ, ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಬೇಕು ಅಂತ ನೋಡುವ ಐಎನ್‌ಆರ್ ಟೆಸ್ಟ್ ಪದೇ ಪದೇ, ಮುಂದೆ ಮದುವೆಯಾಗಿ ಬಸುರಿಯಾದಾಗ ಆ ಮಾತ್ರೆಯಿಂದಲೇ ಇನ್ನೊಂದು ಆತಂಕ. ಅದೂ ಅಲ್ಲದೆ ಮಗು ಬೆಳೆಯುತ್ತದೆ, ಲೋಹ ಬೆಳೆಯುವುದಿಲ್ಲ ಅಲ್ವಾ. ಅದಕ್ಕೇ ನಮ್ಮ ಡಾಕ್ಟರು ‘ರಾಸ್ ಆಪರೇಷನ್’ ಅನ್ನೋದನ್ನು ಮಾಡಿದರು. ಶ್ವಾಸಕೋಶದ ಕಡೆ ರಕ್ತ ಹೋಗುವ ದಾರಿಯಲ್ಲಿದ್ದ ಅವಳದೇ ಪಲ್ಮನರಿ ವಾಲ್ವ್ ಬಿಡಿಸಿ, ಕೆಟ್ಟಿದ್ದ ಅಯೋರ್ಟಿಕ್ ವಾಲ್ವ್ ಜಾಗದಲ್ಲಿ ಕೂರಿಸಿದರು. ಡೊನಾಲ್ಡ್ ರಾಸ್ ಎಂಬ ಸರ್ಜನ್ 1967ರಲ್ಲೇ ಲಂಡನ್ನಿನಲ್ಲಿ ಶುರುಮಾಡಿದ್ದು ಇದು. ಜೀವ ಇರುವ ವಾಲ್ವ್, ಅವಳ ಜೊತೆಗೇ ಬೆಳೆಯುತ್ತದೆ.

ಖಾಲಿಯಾದ ಆ ಇನ್ನೊಂದು ಜಾಗದಲ್ಲಿ ತೀರಿಹೋದ ಯಾರದೋ ವಾಲ್ವ್ ಇದೆ. ಯಾರದು ಅಂತ ನಮಗೆ ಗೊತ್ತಿಲ್ಲ. ತಮ್ಮವರನ್ನು ಕಳೆದುಕೊಂಡು ಅಳುತ್ತಿದ್ದ ಹೊತ್ತಲ್ಲೂ ಆ ಮನೆಯವರು ದಾನಕ್ಕೆ ಒಪ್ಪಿ ಸಹಿ ಹಾಕಿದರಲ್ಲ, ಅವರಿಗೆ ಏನಂತ ಹೇಳಬೇಕೋ ತೋಚುತ್ತಿಲ್ಲ. ನೀವು ಯಾವ ಊರಿನವರೋ, ಇದನ್ನು ಓದುತ್ತೀರೋ ಇಲ್ಲವೋ, ನಮ್ಮ ಮನೆಯವರೆಲ್ಲ ನಿಮಗೆ ಕೈಮುಗಿಯುತ್ತೇವೆ.

ಸರ್ಜನ್‌ಗೆ, ಅರಿವಳಿಕೆ ಡಾಕ್ಟರ್‌ಗೆ, ಹೃದಯ ನಿಲ್ಲಿಸಿದ್ದಷ್ಟು ಹೊತ್ತೂ ಅದರ ಕೆಲಸ ಮಾಡಿದ ಮಷಿನ್ ನೋಡಿಕೊಂಡ ಮೇಡಂಗೆ (ಅವರನ್ನು ಯಾರೂ ನೆನೆಯುವುದೇ ಇಲ್ಲ), ರಾತ್ರಿಯೆಲ್ಲಾ ಎದ್ದಿದ್ದ ಐಸಿಯು ಸಿಸ್ಟರ್‌ಗಳಿಗೆ, ಬೆಳಗಾಗುವಷ್ಟರಲ್ಲಿ ರಕ್ತ ಕೊಡೋಕೆ ಬಂದು ನಿಂತಿದ್ದ ಇವರ ಆಫೀಸಿನ ಹುಡುಗರಿಗೆ, ದಿನಾ ತಿಳಿಸಾರು ಅನ್ನ ಕಳಿಸಿದ ಎದುರುಮನೆ ಆಂಟಿಗೆ, ಎಲ್ಲರಿಗೂ ಥ್ಯಾಂಕ್ಸ್.

ಇನ್ನೂ ಕೆಲವರಿಗೆ, ಮಗುವಿನ ಜೊತೆ ಬೆಳೆಯುವ ವಾಲ್ವ್ ತಯಾರಿಸಲು ಹೊರಟಿರುವ ವಿಜ್ಞಾನಿಗಳಿಗೆ, ಈಗಲೇ ಥ್ಯಾಂಕ್ಸ್ ಹೇಳಿಬಿಡುತ್ತೇನೆ. ದಾನದ ವಾಲ್ವ್ ಬೆಳೆಯುವುದಿಲ್ಲವಾದ್ದರಿಂದ ಮುಂದೊಂದು ದಿನ ಅದನ್ನು ಬದಲಿಸಬೇಕಾಗಬಹುದು. 1995ರಲ್ಲಿ ಬಾಸ್ಟನ್ನಿನಲ್ಲಿ ಕುರಿಮರಿಯ ಸ್ವಂತ ಜೀವಕೋಶಗಳಿಂದಲೇ ವಾಲ್ವಿನ ಎಸಳು ಬೆಳೆಸಿ ಅದಕ್ಕೇ ಹಾಕಿದ್ದರು. 2021ರಲ್ಲಿ ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದವರು ಲ್ಯಾಬಿನಲ್ಲಿ ಬೆಳೆಸಿದ ವಾಲ್ವ್ ಕುರಿಮರಿಗಳ ಜೊತೆ ದೊಡ್ಡದಾಗಿದ್ದನ್ನು ತೋರಿಸಿದರು. ನಮ್ಮ ಮಕ್ಕಳವರೆಗೆ ಬರೋಕೆ ಇನ್ನೂ ಟೈಮ್ ಬೇಕು. ಸ್ವಲ್ಪ ಬೇಗ ಮಾಡಿ ಸ್ವಾಮಿ, ಕಾಯ್ತಾ ಇದ್ದೇವೆ.

ನೋಡೋಕೆ ಬರುವವರು ಬನ್ನಿ. ನೆಗಡಿ ಇದ್ದರೆ ಮಾತ್ರ ವಾಸಿಯಾದ ಮೇಲೆ ಬನ್ನಿ. ಮತ್ತೆ ಅವಳನ್ನು ಜಾಸ್ತಿ ನಗಿಸಬೇಡಿ, ಹೊಲಿಗೆ ನೋಯುತ್ತದಂತೆ.