ನಿನ್ನನ್ನ ಕೇಳದೆ ಹೊತ್ತ ಹರಕೆ

ಪುಟ್ಟಿ,

ಈ ಕಾಗದ ಅಪ್ಪನ ಕೈಲಿ ಕೊಟ್ಟು ಕಳಿಸ್ತಿದೀನಿ. ವಾಟ್ಸಾಪಲ್ಲಿ ಹಾಕಿದ್ರೆ ನೀಲಿ ಟಿಕ್ ಬರುತ್ತೆ, ಉತ್ತರ ಬರಲ್ಲ, ಹನ್ನೆರಡು ದಿನದಿಂದ ಅದನ್ನೇ ನೋಡ್ತಿದೀನಿ. ಯುಗಾದಿಗೂ ನೀನು ಬರಲಿಲ್ಲ. ಒಬ್ಬಟ್ಟು ಮಾಡಿದ್ದೆ, ಅಪ್ಪ ಒಂದು ತಿಂದು ಎದ್ದುಬಿಟ್ರು. ನೀನು ಮಿಲಿಟರಿಗೆ ಹೋಗ್ತೀನಿ ಅಂದ ರಾತ್ರಿ ನಾನು ಆಡಿದ ಮಾತು ನಿಂಗೂ ನೆನಪಿದೆ ನಂಗೂ ನೆನಪಿದೆ, ಅದನ್ನ ಮತ್ತೆ ಇಲ್ಲಿ ಬರೆಯಲ್ಲ. ಅದು ಯಾಕೆ ಬಂತು ಅಂತ ಮಾತ್ರ ಬರೀತೀನಿ, ಅದು ನಿಂಗೆ ಗೊತ್ತಿಲ್ಲ, ಮೊನ್ನೆ ಸೋಮವಾರದ ತನಕ ಅಪ್ಪನಿಗೂ ಗೊತ್ತಿರಲಿಲ್ಲ.

ಮೊದಲು ತೋಟದ ಸುದ್ದಿ ಹೇಳ್ತೀನಿ, ಕೈ ಸ್ವಲ್ಪ ಓಡಲಿ. ಯುಗಾದಿ ಮಾರನೇ ದಿನ ಸಾಯಂಕಾಲ ನಮ್ಮಲ್ಲಿ 1 ಇಂಚು 15 ಸೆಂಟು ಮಳೆ ಬಿತ್ತು. ಅಪ್ಪ ಟಾರ್ಚ್ ಹಿಡ್ಕೊಂಡು ಹೋಗಿ ಮೂರು ಸಲ ಅಳತೆ ನೋಡಿದ್ರು. ಇವತ್ತಿಗೆ ಒಂಬತ್ತನೇ ದಿನ, ಬೆಳಿಗ್ಗೆ ಬಾಗಿಲು ತೆಗೆದ್ರೆ ಅರೇಬಿಕಾ ಪೂರ್ತಿ ಬಿರಿದಿದೆ. ನಿನ್ನೆ ಸಂಜೆ ಮೊಗ್ಗು ಉದ್ದಕ್ಕೆ ಬತ್ತಿ ಥರ ನಿಂತಿದ್ವು, ಈಗ ಒಂದು ಎಲೆ ಕಾಣಲ್ಲ, ಮಲ್ಲಿಗೆ ವಾಸನೆ ಅಡುಗೆಮನೆ ತನಕ ಬಂದಿದೆ. ಆಳು ಯಾರನ್ನೂ ತೋಟಕ್ಕೆ ಇಳಿಸಿಲ್ಲ. ಇನ್ನೆರಡು ದಿನ ಮಳೆ ಬರಬಾರದು, ಬಿರಿದ ಹೂವಿನ ಮೇಲೆ ನೀರು ಬಿದ್ರೆ ಕಾಯಿ ಕಟ್ಟಲ್ಲ. ಆಮೇಲೆ ಒಂದು ಹದಿನೈದು ಇಪ್ಪತ್ತು ದಿನಕ್ಕೆ ಇನ್ನೊಂದು ಮಳೆ ಬರಬೇಕು. ಮೆಣಸು ಕಣದಲ್ಲಿ ಒಣಗ್ತಿದೆ. ಏಣಿ ಹತ್ತೋರು ಸಿಗದೆ ಮೇಲಿನ ಮರಗಳದ್ದು ಹಾಗೇ ಇದೆ.

ಆ ಕಣದ ಮೆಟ್ಟಿಲ ಹತ್ರ ಬರ್ತೀನಿ ಈಗ.

1999. ಅಪ್ಪ ಜನವರಿಯಲ್ಲಿ ಕಾಫಿ ಕುಯ್ಲಿಗೆ ಅಂತ ಮಿಲಿಟರಿಯಿಂದ ರಜೆ ಮೇಲೆ ಬಂದು ಹೋಗಿದ್ರು, ನೀನು ಹೊಟ್ಟೇಲಿದ್ದೆ. ಮೇ ತಿಂಗಳಲ್ಲಿ ಕಾರ್ಗಿಲ್ ಶುರುವಾಯ್ತು. ಅಪ್ಪನ ಯೂನಿಟ್ಟಿನ ತೋಪುಗಳು ದ್ರಾಸ್ ಕಡೆ ಹೋದ್ವು ಅನ್ನೋದೂ ನಂಗೆ ಆಮೇಲೆ ತಿಳಿದಿದ್ದು. ಆಗ ವಿಳಾಸ ಅಂದ್ರೆ ಕೇರ್ ಆಫ್ 56 ಎಪಿಒ, ಮಿಲಿಟರಿ ಪೋಸ್ಟಾಫೀಸು, ಅಷ್ಟೇ, ಎಲ್ಲಿದ್ರೂ ಅದೇ ವಿಳಾಸ. ಮೇ ಎರಡನೇ ವಾರದ ಇನ್‌ಲ್ಯಾಂಡ್ ಲೆಟರೇ ಕೊನೇದು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಕರೆಂಟು ಹೋಯ್ತು, ನಮ್ಮ ಕಡೆ ಹೋದ್ರೆ ವಾರಗಟ್ಟಲೆ ಹೋಗುತ್ತಲ್ಲ. ಬ್ಯಾಟರಿ ರೇಡಿಯೋ ಒಂದೇ. ಅಜ್ಜಿ ಮೂರು ಹೊತ್ತೂ ಸಮಾಚಾರ ಹಾಕಿಸೋರು, ಹೆಸರು ಓದೋಕೆ ಶುರು ಮಾಡಿದ ತಕ್ಷಣ ಆಫ್ ಮಾಡು ಅನ್ನೋರು. ಜೂನ್ 13ಕ್ಕೆ ತೋಲೋಲಿಂಗ್ ಬೆಟ್ಟ ನಮ್ಮೋರು ವಾಪಸ್ ತಗೊಂಡ್ರು ಅಂತ ಬಂತು. ಅಜ್ಜಿ ದೇವರಿಗೆ ದೀಪ ಹಚ್ಚಿದ್ರು. ಅದಾದ ಮೂರನೇ ದಿನ ಹೊತ್ತಲ್ಲದ ಹೊತ್ತಲ್ಲಿ ಪೋಸ್ಟಿನವನು ಬಂದ.

ಟೆಲಿಗ್ರಾಂ.

ಅವನು ಮಳೆಗೆ ಹೊದ್ದ ಗೊರಬೆ ಕೆಳಗಿಂದ ಕೈ ಚಾಚಿ ಕೊಟ್ಟ, ಸೈನ್ ಹಾಕಿಸ್ಕೊಂಡ, ನನ್ನ ಮುಖ ನೋಡಲಿಲ್ಲ, ಹೋದ. ಅವನಿಗೂ ಭಯ ಆಗಿತ್ತು ಅಂತ ಈಗ ಅನ್ಸುತ್ತೆ. ಅಜ್ಜಿಗೆ ಓದೋಕೆ ಬರ್ತಿರಲಿಲ್ಲ. ತಾತ ಸಂತೆಗೆ ಹೋಗಿದ್ರು. ಆ ಮನೇಲಿ ಇಂಗ್ಲಿಷ್ ಓದೋಕೆ ಬರೋಳು ನಾನೊಬ್ಬಳೇ, ಪಿಯುಸಿ ಮಾಡಿದ್ದೆ. ಅಜ್ಜಿ ಬಾಗಿಲಲ್ಲಿ ನಿಂತು "ಒಡಿ ಮಗಾ" ಅಂದ್ರು. ನಾನು ಕಣದ ಮೆಟ್ಟಿಲ ಮೇಲೆ ಕೂತುಬಿಟ್ಟೆ, ಮಳೇಲೇ. ಲಕೋಟೆ ಒದ್ದೆಯಾಗಿ ಒಳಗಿನ ಕಾಗದದ ಪಟ್ಟಿ ಮೇಲೆ ಅಂಟಿಸಿದ ಅಕ್ಷರ ಹಿಂದಿಂದ ನೆರಳು ನೆರಳಾಗಿ ಕಾಣ್ತಿತ್ತು, ಓದೋಕಾಗ್ತಿರಲಿಲ್ಲ. ಎದುರಿಗೆ ಕಾಫಿ ಗಿಡದಲ್ಲಿ ಹಸಿರು ಕಾಯಿ, ಒಂದು ಗೊಂಚಲಲ್ಲಿ ಹದಿನಾಲ್ಕು ಇದ್ವು. ಎಣಿಸಿದೆ. ಮತ್ತೆ ಎಣಿಸಿದೆ. ಅಜ್ಜಿ ಮತ್ತೆ "ಒಡಿ" ಅನ್ನಲಿಲ್ಲ, ನಂಗೆ ನೆನಪಿರೋ ಹಾಗೆ ಅವರು ಬಾಗಿಲ ಚೌಕಟ್ಟು ಹಿಡ್ಕೊಂಡು ಸುಮ್ಮನೆ ನಿಂತಿದ್ರು. ಎಷ್ಟು ಹೊತ್ತೋ ಗೊತ್ತಿಲ್ಲ. ಒಲೆ ಮೇಲಿಟ್ಟ ಹಾಲು ಉಕ್ಕೋದ್ರೊಳಗೆ ಆಗಿಹೋಯ್ತು ಅಂತ ಅಜ್ಜಿ ಆಮೇಲೆ ಹೇಳೋರು. ನಂಗೆ ಹಾಗನ್ಸಲ್ಲ. ನಂಗೆ ಈಗ್ಲೂ ಕೆಲವು ರಾತ್ರಿ ಆ ಮೆಟ್ಟಿಲ ಮೇಲೇ ಕೂತ ಹಾಗಿರುತ್ತೆ.

ಅಲ್ಲಿ ಕೂತು ನಾನು ಕುಮಾರಲಿಂಗೇಶ್ವರನಿಗೆ ಹರಕೆ ಹೊತ್ತೆ. ಅವರೊಬ್ಬರನ್ನ ಉಳಿಸಿಕೊಡು, ಈ ಹೊಟ್ಟೇಲಿರೋದನ್ನ ನಾನು ಯಾವತ್ತೂ ಮಿಲಿಟರಿಗೆ ಕಳಿಸಲ್ಲ, ಈ ಮನೆಯಿಂದ ಅಲ್ಲಿಗೆ ಹೋದವರಲ್ಲಿ ಅವರೇ ಕೊನೆ ಅಂತ. ಗಂಡೋ ಹೆಣ್ಣೋ ಗೊತ್ತಿರಲಿಲ್ಲ, ಹೆಣ್ಣಾದ್ರೆ ಹೇಗೂ ಹೋಗಲ್ಲ ಅಂದ್ಕೊಂಡಿದ್ದೆ. ಆಮೇಲೆ ಲಕೋಟೆ ಒಡೆದೆ. ಅರಕಲಗೂಡಿಂದ ನಮ್ಮಣ್ಣ ಕಳಿಸಿದ್ದು. ಅತ್ತಿಗೆಗೆ ಹೆರಿಗೆಯಾಯ್ತು, ಗಂಡು ಮಗು, ಇಬ್ರೂ ಚೆನ್ನಾಗಿದಾರೆ. ಅಷ್ಟೇ. ನಾನು ಅಲ್ಲೇ ಬಿದ್ದು ಬಿದ್ದು ಅತ್ತೆ. ಅಜ್ಜಿಗೆ ನಾನು ಬಾಯಿಬಿಟ್ಟು ಹೇಳೋ ತನಕ ಅವರ ಮಗ ಇಲ್ಲ ಅಂತಲೇ ಆಗಿತ್ತು. ಪಾಪ, ಆ ಒಂದು ಗಳಿಗೆಗೆ ನಾನು ಅವರ ಕ್ಷಮೆ ಕೇಳಲೇ ಇಲ್ಲ, ಅವರು ಹೋಗಿ ಒಂಬತ್ತು ವರ್ಷ ಆಯ್ತು.

ಆಗಸ್ಟಲ್ಲಿ ಅಪ್ಪನ ಕಾಗದ ಬಂತು. ಅಕ್ಟೋಬರಲ್ಲಿ ನೀನು ಹುಟ್ಟಿದೆ. ಮುಂದಿನ ಬೇಸಿಗೇಲಿ ಅವರು ಬಂದಾಗ ಎಡಗಿವಿ ಹೋಗಿತ್ತು.

ನೀನು ಹೆಣ್ಣು ಅಂತ ನಾನು ನೆಮ್ಮದಿಯಾಗಿದ್ದೆ ನೋಡು. ನಿನ್ನ ಕೈಗೆ ಹಾಕಿ ಸ್ಟಿಕ್ ಕೊಟ್ಟಿದ್ದೂ ನಾನೇ. ಸೋಮವಾರಪೇಟೆ ಮಕ್ಕಳಿಗೆ ಹಾಕಿ ಬೇಡ ಅಂದ್ರೆ ಆಗುತ್ತಾ, ನಮ್ಮ ಸುನಿಲ್ ಇಂಡಿಯಾ ಟೀಮಲ್ಲಿ ಬಲಗಡೆ ಸೈಡಲ್ಲಿ ಓಡೋದನ್ನ ಟಿವಿಲಿ ನೋಡಿ ನೀನು ಅಂಗಳದಲ್ಲಿ ಹಾಗೇ ಓಡ್ತಿದ್ದೆ. ಹದಿನಾರರಲ್ಲಿ ಕಿರುಬೆರಳು ಮುರ್ಕೊಂಡು ಅದಕ್ಕೆ ಟೇಪ್ ಸುತ್ತಿಸ್ಕೊಂಡು ಸೆಕೆಂಡ್ ಹಾಫ್ ಆಡಿದೆ. ನಾನು ಗ್ರೌಂಡ್ ಆಚೆಯಿಂದ ಕಿರುಚ್ತಿದ್ದೆ, ನೀನು ತಿರುಗಿ ನೋಡಲಿಲ್ಲ. ಅವತ್ತೇ ನಂಗೆ ಗೊತ್ತಾಗಬೇಕಿತ್ತು.

2024ರಲ್ಲಿ ನಾಪೋಕ್ಲುಗೆ ಕೊಡವ ಹಾಕಿ ಹಬ್ಬ ನೋಡೋಕೆ ಹೋಗಿದ್ವಲ್ಲ. 1997ರಲ್ಲಿ ಕರಡದಲ್ಲಿ 60 ಕುಟುಂಬದಿಂದ ಶುರುವಾದದ್ದು ಆ ವರ್ಷ 360 ಟೀಮ್ ಆಗಿ ಗಿನ್ನೆಸ್‌ಗೆ ಸೇರ್ತು. ಒಂದೇ ಮನೆಯ ಅಪ್ಪ ಮಗಳು ಅಣ್ಣ ತಂಗಿ ಎಲ್ಲ ಒಂದೇ ಟೀಮಲ್ಲಿ ಆಡೋದನ್ನ ಮೆಟ್ಟಿಲ ಮೇಲೆ ಕೂತು ನೋಡ್ತಿದ್ವಿ. ಅವಾಗ ನೀನು ನನ್ನ ಕಿವಿ ಹತ್ರ ಬಗ್ಗಿ "ಅಮ್ಮಾ, ನಾನು ಎಸ್‌ಎಸ್‌ಬಿ ಕೊಡ್ತೀನಿ" ಅಂದೆ, ಮಿಲಿಟರಿ ಆಫೀಸರ್ ಆಗೋಕೆ ಕೊಡೋ ಇಂಟರ್‌ವ್ಯೂ. ಅಷ್ಟರಲ್ಲಿ ಗೋಲ್ ಆಯ್ತು, ಜನ ಎಲ್ಲ ಎದ್ರು, ನಾನು ಕೇಳಿಸಲಿಲ್ಲ ಅನ್ನೋ ಹಾಗೆ ಚಪ್ಪಾಳೆ ಹೊಡೆದೆ. ಕೇಳಿಸಿತ್ತು ಪುಟ್ಟಿ. ಪೂರ್ತಿ ಕೇಳಿಸಿತ್ತು. ಅದಕ್ಕೆ ನನ್ನ ಕ್ಷಮಿಸು. ಅಲ್ಲಿಂದ ಎರಡು ವರ್ಷ ನೀನು ನಂಗೆ ಹೇಳದೆ ಓದಿದೆ, ಮೊದಲನೇ ಸಲ ಐದು ದಿನ ಹೋಗಿ ವಾಪಸ್ ಬಂದೆ, ಎರಡನೇ ಸಲ ಸೆಲೆಕ್ಟ್ ಆದೆ, ಆಫೀಸ್ ಕೆಲಸನೂ ಮಾಡ್ಕೊಂಡೇ. ಇಷ್ಟೆಲ್ಲ ಒಬ್ಬಳೇ ಹೊತ್ತೆ, ನಾನು ಚಪ್ಪಾಳೆ ಹೊಡೆದಿದ್ದಕ್ಕೆ.

ಹೋದ ವರ್ಷ ಆಪರೇಷನ್ ಸಿಂಧೂರ ಶುರುವಾದಾಗ, ಮೇ 7ರ ಬೆಳಿಗ್ಗೆಯಿಂದ ಅಪ್ಪ ಟಿವಿ ಮುಂದೆ ಬಲಗಿವಿ ಕೊಟ್ಟು ಕೂತಿದ್ದು ನಿಂಗೆ ನೆನಪಿದೆ. ಕರ್ನಲ್ ಸೋಫಿಯಾ ಖುರೇಷಿ ಮಾತಾಡೋಕೆ ಬಂದ್ರೆ ಸೌಂಡ್ ಜಾಸ್ತಿ ಮಾಡಿಸೋರು, ಆ ಹೆಣ್ಣುಮಗಳು ನಮ್ಮ ಗೋಕಾಕದ ಸೊಸೆ ಅಂತ ಬಂದೋರಿಗೆಲ್ಲ ಹೇಳೋರು. 10ನೇ ತಾರೀಕು ಸಂಜೆ ನಿಲ್ತು ಅಂದಾಗ ಎದ್ದು ತೋಟಕ್ಕೆ ಹೋದ್ರು. ಆ ಮೂರ್ನಾಲ್ಕು ದಿನ ಟಿವಿಲಿ ಒಂದಿಷ್ಟು ಜನ ಕೋಟು ಹಾಕ್ಕೊಂಡು "ಅಲ್ಲಿಗೆ ನುಗ್ಗಿ, ಇದನ್ನ ಹೊಡೀರಿ" ಅಂತ ಕೂಗ್ತಿದ್ರು. ಅಪ್ಪ ಒಂದೇ ಒಂದು ಮಾತು ಕೂಗಲಿಲ್ಲ. ನೀನು ಅದನ್ನ ನೋಡಿ ಕಲಿ. ಯುದ್ಧ ಕಂಡೋರು ಯಾರೂ ಅದನ್ನ ಬಯಸಲ್ಲ, ದೀಪಾವಳಿಗೆ ಪಟಾಕಿ ಸದ್ದಿಗೇ ಅವರು ಒಳಗೆ ಹೋಗಿ ಕೂರ್ತಾರೆ. ನಿನ್ನ ಕೈಕೆಳಗೆ ನಾಳೆ ಜವಾನರು ಇರ್ತಾರೆ, ಅಪ್ಪನ ವಯಸ್ಸಿನ ಸುಬೇದಾರರು ಇರ್ತಾರೆ. ಅವರ ಮುಂದೆ ಸ್ಟಾರ್ ಇದೆ ಅಂತ ದನಿ ಏರಿಸಬೇಡ. ಒಬ್ಬೊಬ್ಬರ ಮನೇಲೂ ಒಂದು ಮೆಟ್ಟಿಲಿರುತ್ತೆ, ಅದರ ಮೇಲೆ ಒಬ್ಬಳು ಕೂತಿರ್ತಾಳೆ, ಅದನ್ನ ಮರೆತು ಯಾವ ಆರ್ಡರ್ ಕೂಡ ಕೊಡಬೇಡ. ನೋವಾದ್ರೆ ಮುಚ್ಚಿಡಬೇಡ, ಬೆರಳಿಗೆ ಟೇಪ್ ಸುತ್ತಿದ ಹಾಗಲ್ಲ ಅದು, ಟ್ರೈನಿಂಗಲ್ಲಿ ಮಂಡಿ ಹೋದ್ರೆ ಆಯಸ್ಸೆಲ್ಲ ಹೋಯ್ತು. ಚೆನ್ನೈ ಬಿಸಿಲಿಗೆ ನೀರು ಜಾಸ್ತಿ ಕುಡಿ. ಸಂಬಳ ಬಂದ ತಕ್ಷಣ ಮನೆಗೆ ಕಳಿಸಬೇಡ, ತೋಟದ ಸಾಲ ನಮ್ಮದು. ಇಷ್ಟೆಲ್ಲ ಹೇಳಬಾರದು ಅಂದ್ಕೊಂಡೇ ಕೂತಿದ್ದೆ, ಆದ್ರೂ ಇನ್ನೊಂದು, ಕೂದಲು ಗಿಡ್ಡ ಮಾಡಿಸ್ತಾರಂತೆ, ಮಾಡಿಸ್ಕೋ, ಬೇಜಾರು ಮಾಡ್ಕೋಬೇಡ.

ಅಪ್ಪ ಊಟಕ್ಕೆ ಕೂತಾಗೆಲ್ಲ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಕತೆ ಹೇಳ್ತಾರಲ್ಲ. ಇಲ್ಲೇ ಶನಿವಾರಸಂತೆಯಲ್ಲಿ ಹುಟ್ಟಿದೋರು. 1965ರಲ್ಲಿ ಅವರ ಮಗನ ವಿಮಾನ ಬಿದ್ದು ಪಾಕಿಸ್ತಾನದಲ್ಲಿ ಸೆರೆಯಾದಾಗ ಅಯೂಬ್ ಖಾನ್ ಕಡೆಯಿಂದ ಬಿಡ್ತೀವಿ ಅಂತ ಮಾತು ಬಂದ್ರೂ, ಸೆರೆಯಲ್ಲಿರೋರೆಲ್ಲ ನನ್ನ ಮಕ್ಕಳೇ, ಅವನೊಬ್ಬನಿಗೆ ಬೇರೆ ಉಪಚಾರ ಬೇಡ ಅಂದ್ರು ಅಂತ. ಈ ಕತೆ ಕೇಳಿದಾಗೆಲ್ಲ ನಂಗೆ ಒಳಗೊಳಗೇ ನಾಚಿಕೆ ಆಗ್ತಿತ್ತು. ನಂಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಮೆಟ್ಟಿಲ ಮೇಲೆ ಕೂತಾಗ ನಾನು ಕೇಳಿದ್ದು ಅವರೊಬ್ಬರನ್ನೇ.

ಈ ಸಲ ಯುಗಾದಿಗೆ ಪಂಚಾಂಗ ಓದುವಾಗ ಹೊಸ ಸಂವತ್ಸರದ ಹೆಸರು ಪರಾಭವ ಅಂದ್ರು. ನನ್ನ ಎದೆ ಧಸಕ್ ಅಂತು. ದೇವರು ಹರಕೆ ನೆನಪಿಟ್ಕೊಂಡಿದಾನೆ, ಮುರಿದಿದ್ದಕ್ಕೆ ನಿನ್ನ ಮೇಲೆ ತೀರಿಸ್ಕೊಳ್ತಾನೆ ಅಂತ ನಿದ್ದೆ ಬರಲಿಲ್ಲ. ಸೋಮವಾರ ಅಪ್ಪನ್ನ ಕರ್ಕೊಂಡು ಶಾಂತಳ್ಳಿಗೆ, ಕುಮಾರಲಿಂಗೇಶ್ವರನ ಗುಡಿಗೆ ಹೋದೆ. ಯಾಕೆ ಅಂತ ಅವರು ಕೇಳಲಿಲ್ಲ. ಭಟ್ಟರ ಹತ್ರ ಎಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ಅಮ್ಮಾ, ಹರಕೆ ಅಂದ್ರೆ ನಮ್ಮ ಕೈಯಲ್ಲಿರೋದನ್ನ ಕೊಡ್ತೀನಿ ಅನ್ನೋದು, ಆ ಮಗುವಿನ ಬದುಕು ನಿಮ್ಮ ಕೈಯಲ್ಲಿತ್ತಾ" ಅಂದ್ರು. ತಪ್ಪು ಕಾಣಿಕೆ ಹಾಕಿ, ಮಗಳ ಹೆಸರಲ್ಲಿ ಅರ್ಚನೆ ಮಾಡ್ಸಿ ಅಂದ್ರು. ಹಾಕಿದೆ. ನಿನ್ನ ಹೆಸರು ನಕ್ಷತ್ರ ಹೇಳುವಾಗ ನನ್ನ ದನಿ ಬರಲಿಲ್ಲ, ಅಪ್ಪ ಹೇಳಿದ್ರು.

ಬರ್ತಾ ಜೀಪಲ್ಲಿ ಅಪ್ಪ ತುಂಬಾ ದೂರ ಮಾತಾಡಲಿಲ್ಲ. ಆಮೇಲೆ ಒಂದು ಕಡೆ ನಿಲ್ಲಿಸಿ, ನಾನು ಬಂದಿದ್ದು ನಿನ್ನ ಹರಕೆಯಿಂದ ಆದ್ರೆ, ಬರದೆ ಹೋದ ಹುಡುಗರ ಅಮ್ಮಂದಿರು ಹರಕೆ ಹೊತ್ತಿರಲಿಲ್ವಾ ಅಂತ ಕೇಳಿದ್ರು. ಕೋಪದಲ್ಲಿ ಕೇಳಲಿಲ್ಲ, ನಿಜವಾಗ್ಲೂ ಕೇಳಿದ್ರು. ಕಾರ್ಗಿಲಲ್ಲಿ ಹೋದೋರು 527 ಜನ ಪುಟ್ಟಿ. ನನ್ನ ಹತ್ರ ಉತ್ತರ ಇರಲಿಲ್ಲ, ಈಗ್ಲೂ ಇಲ್ಲ. ಅವರ ಯೂನಿಟ್ಟಲ್ಲಿ ಎಲ್ಲ ಧರ್ಮದ ದೇವರಿಗೂ ಒಂದೇ ಸ್ಥಳ ಇತ್ತಂತೆ, ಸರ್ವ ಧರ್ಮ ಸ್ಥಳ ಅಂತಾರೆ, ಅಲ್ಲಿ ಯಾರೂ ತಮಗೊಬ್ಬರಿಗೇ ಅಂತ ಬೇಡ್ಕೊಳ್ತಿರಲಿಲ್ಲ ಅಂದ್ರು. ನಾನು ನಂಬಿಕೆ ಬಿಟ್ಟಿಲ್ಲ. ದಿನಾ ದೀಪ ಹಚ್ತೀನಿ. ಆದ್ರೆ ಬೇಡ್ಕೊಳ್ಳೋ ಮಾತು ಬದಲಾಗಿದೆ, ನಿನ್ನ ಜೊತೆ ಅಲ್ಲಿರೋ ಹುಡುಗೀರನ್ನೆಲ್ಲ ಸೇರಿಸ್ಕೊಂಡು ಬೇಡ್ಕೊಳ್ತಿದೀನಿ. ಹೆಸರು ಗೊತ್ತಾದ ಮೇಲೆ ಹೇಳು.

ಇನ್ನು ಅಪ್ಪನ ವಿಷಯ. ಹವಾಲ್ದಾರ್ ಆಗಿ ರಿಟೈರ್ ಆದ ಮನುಷ್ಯ. 1992ರಲ್ಲಿ ಹೆಂಗಸರನ್ನ ಅಧಿಕಾರಿಗಳಾಗಿ ತಗೊಂಡಾಗ ಯೂನಿಟ್ಟಲ್ಲಿ ಎಲ್ಲರೂ ಆಶ್ಚರ್ಯಪಟ್ಟಿದ್ರಂತೆ, 2020ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ ಪರ್ಮನೆಂಟ್ ಕಮಿಷನ್, ಅಂದ್ರೆ ರಿಟೈರ್ ಆಗೋ ತನಕ ಕೆಲಸ, ಕೊಡಬೇಕು ಅಂದ ದಿನ ಪೇಪರ್ ಕತ್ತರಿಸಿ ಇಟ್ಕೊಂಡಿದಾರೆ, ಮೊನ್ನೆ ತೋರಿಸಿದ್ರು. ಟ್ರಂಕಿಂದ ಬೆರೆಟ್ ತೆಗೆದು ಬ್ರಷ್ ಹಾಕಿ ಬಿಸಿಲಿಗಿಟ್ಟಿದಾರೆ, ನಿಂಗೆ ಇನ್ನೂ 49 ವಾರ ಟ್ರೈನಿಂಗ್ ಇದೆ ಅಂದ್ರೂ ಕೇಳಲ್ಲ. ಕೊನೇ ದಿನ ಭುಜಕ್ಕೆ ಸ್ಟಾರ್ ಹಾಕೋದು ತಂದೆತಾಯಿನೇ ಅಂತೆ. ಒಂದು ಭುಜ ನಂದು, ಅವರಿಗೆ ಹೇಳಿಟ್ಟಿದೀನಿ.

ಬ್ಯಾಗಲ್ಲಿ ಮೆಣಸಿನ ಪುಡಿ, ಎರಡು ಡಬ್ಬ ಚಕ್ಕುಲಿ, ನಿನ್ನ ಕಪ್ಪು ಶೂ ಇದೆ, ಒಳಗೆ ಹತ್ತಿ ಸಾಕ್ಸ್ ಆರು ಜೊತೆ. ಪ್ರಸಾದ ಸಣ್ಣ ಪೊಟ್ಟಣದಲ್ಲಿದೆ. ಸ್ಟೇಷನಲ್ಲಿ ಅಪ್ಪನ ಬಲಗಡೆ ನಿಂತು ಮಾತಾಡು, ಗಲಾಟೇಲಿ ಎಡಗಡೆಯಿಂದ ಏನೂ ಕೇಳಲ್ಲ, ಕೇಳಿಸ್ತು ಅಂತ ತಲೆ ಆಡಿಸ್ತಾರೆ.

ನಂಗೂ ಬರಬೇಕು ಅಂತಿದೆ. ಅಪ್ಪ ನಾಳೆ ಬೆಳಿಗ್ಗೆ ಹೊರಡ್ತಾರೆ, ನಿನ್ನ ಟ್ರೈನ್ ನಾಡಿದ್ದು ಅಲ್ವಾ. ಕುಶಾಲನಗರದಿಂದ ರಾತ್ರಿ ಬಸ್ ಇದೆ. ಈ ಕಾಗದ ಓದಿದ ಮೇಲೆ ಬಾ ಅನ್ನಿಸಿದ್ರೆ ಅಪ್ಪನ ಫೋನಿಂದ ಒಂದು ಮಾತು ಹೇಳಿಸು, ಬೇಡ ಅನ್ನಿಸಿದ್ರೆ ಅದನ್ನೂ ಹೇಳಿಸು. ಬಟ್ಟೆ ತುಂಬಿಟ್ಟು ಕಾಯ್ತಿರ್ತೀನಿ.

ಅಮ್ಮ