ಬ್ರಿಟನ್‌ಗೆ 16 ವಾರ, ನಮಗೆ ಎಷ್ಟು?

ಮಾನ್ಯರೇ,

ನಮ್ಮ 4ನೇ ಅಡ್ಡರಸ್ತೆಯ ಟೆರೇಸ್ ಹೋಟೆಲಿನಲ್ಲಿ ಶನಿವಾರ ನಡೆದ ಹಾಡಿನ ಕಾರ್ಯಕ್ರಮದ ವರದಿ ಓದಿದೆ. ಹಳೆಯ ಹಾಡಿಗೆ ಯುವಜನ ತಲೆದೂಗಿದರಂತೆ. ತಲೆದೂಗಿದ್ದು ಅವರು, ತಲೆ ಹಿಡಿದುಕೊಂಡು ಕೂತಿದ್ದು ನಾವು. ನಮ್ಮನ್ನು ಯಾರೂ ಕೇಳಲಿಲ್ಲ ಬಿಡಿ.

ಮೊದಲು ಒಂದು ತಿದ್ದುಪಡಿ. ಬ್ರಯಾನ್ ಆಡಮ್ಸ್ ಹಾಡಿದ 'ಎವ್ರಿಥಿಂಗ್ ಐ ಡೂ, ಐ ಡೂ ಇಟ್ ಫಾರ್ ಯೂ' ಅಮೆರಿಕದಲ್ಲಿ 16 ವಾರ ನಂಬರ್ ಒನ್ ಆಗಿತ್ತು ಎಂದು ಬರೆದಿದ್ದೀರಿ. ತಪ್ಪು. 16 ವಾರ ಬ್ರಿಟನ್‌ನಲ್ಲಿ, ಅದೂ ಒಂದೇ ಸಮನೆ, 1991ರಲ್ಲಿ. ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 7 ವಾರ ಮಾತ್ರ. ನನಗೆ ಆ ಹಾಡಿನ ಮೇಲೆ ಹಗೆಯಿಲ್ಲ. ಆಗ ಕ್ಯಾಸೆಟ್ ಕೊಂಡು, ಪೆನ್ಸಿಲ್ ತೂರಿಸಿ ಸುತ್ತಿ ಸುತ್ತಿ ಟೇಪ್ ಸವೆಸಿದವನೇ ನಾನು. ಈಗ ಶನಿವಾರ ಬಂತೆಂದರೆ ಎದೆ ಢವಢವ.

ಮೊನ್ನೆ ಒಂದೇ ರಾತ್ರಿ ಮೂರು ಸಲ. ಹತ್ತೂವರೆಗೆ ಒಂದು, ಯಾರದೋ ಬರ್ತ್‌ಡೇಗೆ ಒಂದು, 'ಒನ್ಸ್ ಮೋರ್' ಅಂದಿದ್ದಕ್ಕೆ ಇನ್ನೊಂದು. ಮೇಲಿನ ಸ್ವರಕ್ಕೆ ಆ ಹುಡುಗನ ಗಂಟಲು ಏರಲ್ಲ. ಅಲ್ಲಿಗೆ ಸರಿಯಾಗಿ ಮೈಕನ್ನು ಜನರ ಕಡೆ ಹಿಡಿಯುತ್ತಾನೆ. ನಮ್ಮ ಅಡುಗೆಮನೆ ಸ್ಟ್ಯಾಂಡಿನಲ್ಲಿ ಸ್ಟೀಲ್ ಲೋಟಗಳು ಡ್ರಮ್ಮಿಗೆ ತಾಳ ಹಾಕುತ್ತಿದ್ದವು. ಹೆಸರಿಗೆ ಸಾಫ್ಟ್ ರಾಕ್! ಅಮ್ಮ ಬಿಪಿ ಮಾತ್ರೆ ನುಂಗಿ ಎದ್ದು ಕೂತರು. ಮಗಳಿಗೆ ಸೋಮವಾರ ಪಿಯುಸಿ ಪರೀಕ್ಷೆ. ಕಿಟಕಿ ಮುಚ್ಚಿದರೆ ಸೆಕೆ, ತೆಗೆದರೆ ಆಡಮ್ಸ್. ಗೇಟಿಗೆ ಅಡ್ಡ ಮೂರು ಬೈಕು ಬೇರೆ.

ಸಿನಿಮಾದವರೇ ವಾಸಿ. ರಾಬಿನ್ ಹುಡ್ ಚಿತ್ರದಲ್ಲಿ ಈ ಹಾಡನ್ನು ತೀರಾ ಕೊನೆಗೆ, ಹೆಸರುಗಳು ಬರುವಾಗ ಹಾಕಿದ್ದರು. ಬೇಡವಾದವರು ಎದ್ದು ಮನೆಗೆ ಹೋಗಬಹುದಿತ್ತು. ಮನೆಯಲ್ಲೇ ಇರುವ ನಾವು ಎಲ್ಲಿಗೆ ಹೋಗೋಣ?

ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ ಎಂಬ ನಿಯಮ 2000ನೇ ಇಸವಿಯಿಂದ ಇದೆ. ಫೋನ್ ಮಾಡಿದೆ. ಗಾಡಿ ಬಂತು, ನಿಂತಿತು, ಹೋಯಿತು. ಹಾಡು ಮಾತ್ರ ಹೋಗಲಿಲ್ಲ. ಇನ್ನೊಂದು ಕಚೇರಿಗೆ ಅರ್ಜಿ ಕೊಟ್ಟರೆ 'ಇದು ನಮಗೆ ಬರಲ್ಲ ಸಾರ್' ಅಂದರು. ಆಡಮ್ಸ್ ಕೆನಡಾದವನು. ಹೊರದೇಶದವರ ಜೊತೆ ಸೇರಿ ಬರೆದ ಎಂದು ಅಲ್ಲಿನ ರೇಡಿಯೊ ನಿಯಮ ಈ ಹಾಡನ್ನು ಕೆನಡಾದ್ದಲ್ಲ ಅಂದುಬಿಟ್ಟಿತ್ತು. 'ನಮಗೆ ಬರಲ್ಲ' ಅನ್ನುವುದರಲ್ಲಿ ಎಲ್ಲ ದೇಶದ ಕಚೇರಿಗಳೂ ಒಂದೇ ಅಲ್ವಾ?

ಬ್ರಿಟನ್‌ನಲ್ಲಿ ಕೊನೆಗೆ ಯೂಟೂ ತಂಡದ 'ದಿ ಫ್ಲೈ' ಬಂದು ಈ ಹಾಡನ್ನು ಮೊದಲ ಸ್ಥಾನದಿಂದ ಇಳಿಸಿತು. ಫ್ಲೈ ಅಂದರೆ ನೊಣ. ನಮ್ಮ ರಸ್ತೆಯಲ್ಲಿ ನೊಣಕ್ಕೇನೂ ಬರವಿಲ್ಲ. ಎರಡು ವರ್ಷದ ಹಿಂದೆ ಚರಂಡಿ ಅಗೆದು ಚಪ್ಪಡಿ ಮುಚ್ಚದೆ ಹೋದ ಪುಣ್ಯಾತ್ಮರ ಕೃಪೆ. ಮೂಲೆಯ ಬೀದಿದೀಪದ ಕಥೆ ಇನ್ನೊಂದು ಪತ್ರಕ್ಕೆ ಇರಲಿ. ಕಂದಾಯ ಕಟ್ಟುವುದು ಒಂದು ದಿನ ತಡವಾದರೆ ಮಾತ್ರ ಇವರಿಗೆ ನಮ್ಮ ಮನೆ ನಂಬರ್ ನೆನಪಾಗುತ್ತದೆ.

ಸಂಬಂಧಪಟ್ಟವರು ಹತ್ತಕ್ಕೆ ಸದ್ದು ನಿಲ್ಲಿಸಲಿ, ಚರಂಡಿಯನ್ನೂ ಮುಚ್ಚಲಿ. ಅದೂ ಆಗದಿದ್ದರೆ ಆ ಹುಡುಗನಿಗೆ ಶ್ರುತಿಯನ್ನಾದರೂ ಒಂದು ಮನೆ ಇಳಿಸಿಕೊಳ್ಳಲು ಹೇಳಲಿ. ಸಂಬಳ ತೆಗೆದುಕೊಳ್ಳುತ್ತಾರಲ್ಲ, ಏನಾದರೂ ಒಂದು ಮಾಡಲಿ.

– ನಿದ್ದೆಗೆಟ್ಟ ನಿವಾಸಿ, 4ನೇ ಅಡ್ಡರಸ್ತೆ, ಬೆಂಗಳೂರು