ಅಜ್ಜಿಯ ಕನ್ನಡಕ

ಪ್ರೀತಿಯ ಪುಟ್ಟಿ,

ಮೊನ್ನೆ ರಾತ್ರಿ ಫೋನಿನಲ್ಲಿ ಆದ ಮಾತನ್ನು ಮತ್ತೆ ಬರೆಯುವುದಿಲ್ಲ. ನಿನಗೂ ನೆನಪಿದೆ, ನನಗೂ ನೆನಪಿದೆ. ಅಂದಿನಿಂದ ನಿನ್ನ ಅಮ್ಮ ನನ್ನೊಡನೆ ಸರಿಯಾಗಿ ಮಾತನಾಡಿಲ್ಲ, ಅದರಲ್ಲಿ ಅವಳ ತಪ್ಪೇನೂ ಇಲ್ಲ.

ಈ ಎರಡು ದಿನ ನಾನು ಓದಿದ್ದು ಒಂದೇ ವಿಷಯ, ಮನುಷ್ಯ ಏಕೆ ತಲೆಸುತ್ತಿ ಬೀಳುತ್ತಾನೆ ಎಂದು. ವೇಗಸ್ ಎಂಬ ನರ ಒಮ್ಮೆಲೇ ಚುರುಕಾಗಿ ಹೃದಯದ ಬಡಿತವನ್ನು ತಗ್ಗಿಸುತ್ತದಂತೆ, ರಕ್ತನಾಳಗಳು ಹಿಗ್ಗಿ ರಕ್ತ ಕಾಲಿನ ಕಡೆಗೆ ಇಳಿಯುತ್ತದಂತೆ, ಕೆಲವು ಕ್ಷಣ ಮೆದುಳಿಗೆ ಸಾಲದೆ ಹೋಗುತ್ತದಂತೆ. ಇದರಲ್ಲಿ ಹೇಡಿತನ ಎಲ್ಲಿ ಬಂತು? ಆ ಪದ ನನ್ನ ಬಾಯಿಂದಲೇ ಬಂದದ್ದು. ಮೆಡಿಕಲ್ ಕಾಲೇಜು ಸೇರಿದ ಮೂರನೆಯ ದಿನ, ಶವ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲಿನಲ್ಲಿ ಮುಸುಕು ಸರಿಸಿದೊಡನೆ ತಲೆಸುತ್ತಿ ಬಿದ್ದು, ಎದ್ದು ಹೊರಗೆ ಬಂದುಬಿಟ್ಟೆ ಎಂದು ನೀನು ಅಳುತ್ತ ಹೇಳಿದೆ. ನಾನು ಕೇಳಬೇಕಿದ್ದದ್ದು ‘ಪೆಟ್ಟಾಯಿತೇ’ ಎಂದು.

ಪುಟ್ಟಿ, ಅಜ್ಜಿ ತೀರಿಕೊಂಡಾಗ ನಿನಗೆ ಎಂಟು ವರ್ಷ. ಅಂದು ನಿನ್ನನ್ನು ಪಕ್ಕದ ಮನೆಗೆ ಕಳುಹಿಸಿದವನು ನಾನು. ಎಲ್ಲ ಮುಗಿದ ಮೇಲೆ ಕರೆತಂದೆ. ಅಜ್ಜಿ ಎಲ್ಲಿ ಎಂದು ನೀನು ಕೇಳಿದಾಗ ಊರಿಗೆ ಹೋಗಿದ್ದಾಳೆ ಎಂದೆ. ನೀನು ಎದುರು ಪ್ರಶ್ನೆ ಹಾಕಲಿಲ್ಲ. ಮರುದಿನ ಬೆಳಿಗ್ಗೆ ಅಜ್ಜಿಯ ಕನ್ನಡಕವನ್ನು ನಿನ್ನ ಫ್ರಾಕಿನ ಅಂಚಿನಿಂದ ಒರೆಸಿ, ಖಾಲಿ ಮಂಚದ ದಿಂಬಿನ ಪಕ್ಕದಲ್ಲಿ ಇಟ್ಟೆ. ಅದರ ಮರುದಿನವೂ ಹಾಗೆಯೇ. ಬಂದೊಡನೆ ಹುಡುಕಬಾರದಲ್ಲವೇ, ಅದಕ್ಕೆ. ಬಾಗಿಲ ಸಂದಿಯಿಂದ ನಾನು ನೋಡುತ್ತಿದ್ದೆ. ಒಳಗೆ ಬಂದು ಪಕ್ಕದಲ್ಲಿ ಕುಳಿತು ನಿಜ ಹೇಳುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಒಂದು ದಿನ ನೀನು ಆ ಕನ್ನಡಕವನ್ನು ಮುಟ್ಟದೆ ಶಾಲೆಗೆ ಹೊರಟೆ. ನಿನಗೆ ಯಾರು ಹೇಳಿದರೋ, ನೀನೇ ಅರಿತೆಯೋ, ನಾನು ಇಂದಿನವರೆಗೂ ಕೇಳಿಲ್ಲ. ಸಾವಿನ ಎದುರು ಮುಖ ತಿರುಗಿಸುವುದನ್ನು ನಾನೇ ಕಲಿಸಿ, ಹತ್ತು ವರ್ಷದ ಮೇಲೆ ಏಕೆ ತಿರುಗಿಸಿದೆ ಎಂದು ಬೈದೆ.

ಬಿಳಿ ಕೋಟಿನಲ್ಲಿರುವ ನಿನ್ನ ಫೋಟೋ ನನ್ನ ಮೇಜಿನ ಮೇಲಿದೆ. ತೋಳು ಉದ್ದವಾಗಿ ಎರಡು ಮಡಿಕೆ ಮಡಿಸಿದ್ದೀಯೆ. ದಿನಕ್ಕೆ ಹತ್ತು ಸಲವಾದರೂ ನೋಡುತ್ತೇನೆ.

ಇನ್ನು ಕೆಲವು ಮಾತು. ಬರಿಹೊಟ್ಟೆಯಲ್ಲಿ ಆ ಹಾಲಿಗೆ ಹೋಗಬೇಡ. ಮೊಣಕಾಲು ಬಿಗಿದು ಒಂದೇ ಕಡೆ ನಿಲ್ಲಬೇಡ, ಕಾಲಿನ ಸ್ನಾಯುಗಳನ್ನು ಆಗಾಗ ಆಡಿಸುತ್ತಿರು. ಕಣ್ಣು ಮಂಜಾದರೆ ನಾಚಿಕೆ ಬಿಟ್ಟು ನೆಲದ ಮೇಲಾದರೂ ಕುಳಿತುಬಿಡು. ಶವ ಕೆಡದಂತೆ ಬಳಸುವ ಫಾರ್ಮಲಿನ್ ವಾಸನೆಗೆ ಕಣ್ಣು ಉರಿಯುವುದು ಎಲ್ಲರಿಗೂ ಆಗುತ್ತದೆ. ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ ಎಂದು ಕಾಲೇಜಿನಲ್ಲಿ ಕೇಳುತ್ತಾರೆ. ಬಾಲ್ಯದ ಲಸಿಕೆ ಕಾರ್ಡಿನ ಪ್ರತಿಯನ್ನು ಈ ಪತ್ರದ ಜೊತೆಗಿಟ್ಟಿದ್ದೇನೆ, ಮರೆಯದೆ ತೋರಿಸು. ಕೈ ತೊಳೆಯುವುದನ್ನು ಮಾತ್ರ ಎಂದೂ ಹಗುರವಾಗಿ ಕಾಣಬೇಡ. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ವಿದ್ಯಾರ್ಥಿಗಳು ಶವ ಕೊಯ್ದ ಕೈಯಲ್ಲೇ ಹೆರಿಗೆ ವಾರ್ಡಿಗೆ ಹೋಗುತ್ತಿದ್ದರು. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆದು ಬನ್ನಿ ಎಂದು ಅಲ್ಲಿನ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್ ಹಟ ಹಿಡಿದ. ಏಪ್ರಿಲ್‌ನಲ್ಲಿ ಶೇಕಡ 18ರಷ್ಟಿದ್ದ ಬಾಣಂತಿಯರ ಸಾವು ಜೂನ್ ಹೊತ್ತಿಗೆ ಶೇಕಡ 2ರ ಆಸುಪಾಸಿಗೆ ಇಳಿಯಿತು. ಆದರೂ ಹಿರಿಯ ವೈದ್ಯರಲ್ಲಿ ಬಹಳ ಮಂದಿ ಅವನನ್ನು ನಂಬಲಿಲ್ಲ. ಹಿರಿಯರು ಹೇಳಿದ್ದೆಲ್ಲ ಸರಿ ಎಂದುಕೊಳ್ಳಬೇಡ, ನಾನು ಹೇಳಿದ್ದನ್ನೂ ಸೇರಿಸಿ. ನೋಡು, ಉಪದೇಶ ಮಾಡುವುದಿಲ್ಲ ಎಂದು ಅಮ್ಮನಿಗೆ ಮಾತು ಕೊಟ್ಟು ಕುಳಿತವನು ಎಲ್ಲಿಗೆ ಬಂದು ನಿಂತೆ.

ಹೇಳಬೇಕಾದ್ದು ಇನ್ನೊಂದಿದೆ, ನಿನ್ನ ಅಮ್ಮನಿಗೂ ಹೇಳಿಲ್ಲ. ಅಜ್ಜಿಯ ಉಸಿರು ಏರುಪೇರಾದಾಗ ನಾನು ವಾರ್ಡಿನಿಂದ ಹೊರಗೆ ಬಂದೆ. ನೀರು ತರುತ್ತೇನೆ ಎಂದು ಹೇಳಿ ಬಂದವನು ಕಾರಿಡಾರಿನ ಗೋಡೆಗೆ ಆತು ನಿಂತುಬಿಟ್ಟೆ, ಒಳಗೆ ಹೋಗಲು ಕಾಲು ಬರಲಿಲ್ಲ. ಗಾಜಿನಿಂದ ಎಲ್ಲವೂ ಕಾಣುತ್ತಿತ್ತು. ಅಜ್ಜಿಯ ಕೈ ಹಿಡಿದು ಕೊನೆಯವರೆಗೂ ಪಕ್ಕದಲ್ಲಿ ನಿಂತಿದ್ದವಳು ಇನ್ನೂ ಕಲಿಯುತ್ತಿದ್ದ ಹುಡುಗಿ, ಈಗಿನ ನಿನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಅವಳ ಕೋಟಿನ ತೋಳೂ ಮಡಿಸಿತ್ತು. ಅವಳ ಹೆಸರನ್ನೂ ಕೇಳದೆ ಬಂದೆ.

ನೀನು ಹೊರಗೆ ಬಂದೆ ಎಂದಾಗ ನನಗೆ ಸಿಟ್ಟು ಬಂದದ್ದು ನಿನ್ನ ಮೇಲಲ್ಲ. ಕ್ಷಮಿಸು ಮಗಳೇ.

ಸೋಮವಾರ ಮತ್ತೆ ಆ ಹಾಲಿಗೆ ಹೋಗಬೇಕು ಎಂದಿದ್ದೆಯಲ್ಲ. ಒಳಗೆ ನಿಂತರೂ ಫೋನ್ ಮಾಡು, ಹೊರಗೆ ಬಂದರೂ ಮಾಡು. ಕನ್ನಡಕ ಬೀರುವಿನಲ್ಲಿದೆ. ಒಂದು ಕಡ್ಡಿ ಸಡಿಲವಾಗಿದೆ, ಗಾಜು ಚೆನ್ನಾಗಿದೆ. ಬೇಕೆಂದರೆ ಕಳುಹಿಸುತ್ತೇನೆ.

ನಿನ್ನ
ಅಪ್ಪ